ನೀವು ಮಾಡಿದ್ದು ನಿಮ್ಮ ಹಾಳೆಯಲ್ಲಿ ಏಕಿಲ್ಲ?

ಮಂಡ್ಯ, ಮದ್ದೂರು, ಮಳವಳ್ಳಿಯ ಪದವೀಧರ ತಮ್ಮಂದಿರೇ, ತಂಗಿಯರೇ,

ಊರಿನ ಹೆಮ್ಮೆ ಏನೆಂದು ಯಾರಾದರೂ ಕೇಳಿದರೆ ನೀವು ತಡವರಿಸುವುದಿಲ್ಲ. 1902ರಲ್ಲೇ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅನ್ನುತ್ತೀರಿ. 1933ರಲ್ಲಿ ಮೈಷುಗರ್ ಶುರುವಾಯಿತು ಅನ್ನುತ್ತೀರಿ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದ್ದನ್ನು ಎದೆಯುಬ್ಬಿಸಿ ಹೇಳುತ್ತೀರಿ. ಯಾರು, ಎಲ್ಲಿ, ಯಾವಾಗ, ಅದರಿಂದ ಆದದ್ದೇನು, ಎಲ್ಲವೂ ನಿಮ್ಮ ನಾಲಗೆ ತುದಿಯಲ್ಲಿದೆ. ಅದೇ ನೀವು ಕೆಲಸಕ್ಕೆಂದು ಬರೆದ ರೆಸ್ಯೂಮೆ ತೆರೆದರೆ ಇಸವಿ ಇಲ್ಲ, ಜಾಗ ಇಲ್ಲ, ಆದದ್ದೇನೂ ಇಲ್ಲ. ‘ಶ್ರಮಜೀವಿ, ಸವಾಲುಗಳನ್ನು ಸ್ವೀಕರಿಸುವವನು, ತಂಡದಲ್ಲಿ ಹೊಂದಿಕೊಳ್ಳುವವನು’ ಎಂಬ ಮೂರು ಮಾತು ಇಂಗ್ಲಿಷಿನಲ್ಲಿ ಕುಳಿತಿರುತ್ತವೆ. ಪಕ್ಕದ ಬೆಂಚಿನವನ ಹಾಳೆಯಲ್ಲೂ ಅವೇ ಮೂರು.

ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುತ್ತಿದ್ದವನು ನಾನು. ನಿವೃತ್ತಿಯಾದ ಮೇಲೂ ಮಕ್ಕಳು ಬಯೋಡೇಟಾ ತಂದು ತೋರಿಸುತ್ತಾರೆ. ಸೀನಿಯರ್ ಒಬ್ಬ ಬರೆದದ್ದು ಪೆನ್‌ಡ್ರೈವಿನಲ್ಲಿ, ಈಗ ವಾಟ್ಸಾಪಿನಲ್ಲಿ, ಕೈಯಿಂದ ಕೈಗೆ ದಾಟುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಹೆಸರು, ಫೋನ್ ನಂಬರು, ಪರ್ಸೆಂಟೇಜು ಬದಲಾಗುತ್ತದೆ, ಅಷ್ಟೆ. ಮೇಲೆ ಗುರಿ ಎಂಬ ನಾಲ್ಕು ಸಾಲು, ಕೆಳಗೆ ತಂದೆಯ ಹೆಸರು, ಧರ್ಮ, ರಾಷ್ಟ್ರೀಯತೆ, ಮದುವೆಯಾಗಿದೆಯೇ ಇಲ್ಲವೇ, ಹವ್ಯಾಸಕ್ಕೆ ಹಾಡು ಕೇಳುವುದು ಮತ್ತು ಕ್ರಿಕೆಟ್, ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಘೋಷಣೆ. ಎರಡು ಪುಟ ತುಂಬುತ್ತದೆ. ಆ ಎರಡು ಪುಟದಲ್ಲಿ ನೀವು ಮಾತ್ರ ಇರುವುದಿಲ್ಲ.

ಒಬ್ಬ ತಂಗಿಯ ವಿಷಯ ಹೇಳುತ್ತೇನೆ. ಮಳವಳ್ಳಿ ಕಡೆಯವಳು, ಬಿ.ಕಾಂ. ಹಾಳೆಯಲ್ಲಿ ಅನುಭವ ಎಂಬಲ್ಲಿ ‘ಇಲ್ಲ’ ಎಂದಿತ್ತು. ‘ಕಾಲೇಜು ಬಿಟ್ಟು ಬೇರೇನು ಮಾಡ್ತಿದ್ದೆಯಮ್ಮ?’ ಎಂದೆ. ‘ಏನಿಲ್ಲ ಸರ್, ನಮ್ಮೂರ ಡೇರಿಲಿ ಲೆಕ್ಕ ಬರೀತಿದ್ದೆ’ ಅಂದಳು. ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಂತು. ಬೆಳಗ್ಗೆ, ಸಂಜೆ ಎರಡೂ ಹೊತ್ತು ಹಾಲು ಹಾಕಿದವರ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಬರೆದುಕೊಳ್ಳುವುದು. ಬಟವಾಡೆಗೆ ಮೊದಲು ಒಬ್ಬೊಬ್ಬರ ಬಿಲ್ಲು ತಾಳೆ ನೋಡುವುದು. ಪಶು ಆಹಾರದ ಸಾಲ ಮುರಿದುಕೊಂಡು ಉಳಿದದ್ದು ಕೊಡುವುದು. ಹಿಂದೆ ಬಟವಾಡೆ ದಿನ ಜಗಳವಾಗುತ್ತಿತ್ತಂತೆ. ಇವಳು ಪ್ರತಿಯೊಬ್ಬರಿಗೂ ಬೇರೆ ಚೀಟಿ ಬರೆದುಕೊಡಲು ಶುರುಮಾಡಿದ ಮೇಲೆ ಅದು ನಿಂತಿತು. ಇಷ್ಟನ್ನು ಅವಳು ‘ಏನಿಲ್ಲ’ ಎಂಬ ಮಾತಿನಲ್ಲಿ ಮುಗಿಸಿದ್ದಳು! ಲೆಕ್ಕಪತ್ರ ವಿಭಾಗಕ್ಕೆ ಆಳು ಹುಡುಕುವ ಯಾವ ಕಂಪನಿಗೆ ಇದು ಬೇಡ?

ಸಂಘಕ್ಕೆ 140 ಸದಸ್ಯರು, ಅವಳು ಕೆಲಸ ಮಾಡಿದ್ದು ಎರಡು ವರ್ಷ ಎಂದಿಟ್ಟುಕೊಳ್ಳಿ. ಆಗ ಸಾಲು ಹೀಗಾಗುತ್ತದೆ: ‘140 ಸದಸ್ಯರ ಹಾಲು ಉತ್ಪಾದಕರ ಸಂಘದಲ್ಲಿ ಎರಡು ವರ್ಷ ದಿನವಹಿ ಲೆಕ್ಕ ಮತ್ತು ಬಟವಾಡೆ ನೋಡಿಕೊಂಡೆ, ಸದಸ್ಯವಾರು ಚೀಟಿ ಜಾರಿಗೆ ತಂದು ಬಿಲ್ಲಿನ ತಕರಾರು ನಿಲ್ಲಿಸಿದೆ.’ ಕೆಲಸದ ಗಾತ್ರ ಮೊದಲು, ಮಾಡಿದ ಕೆಲಸ ಆಮೇಲೆ, ನಿಮ್ಮಿಂದ ಬದಲಾದದ್ದು ಕೊನೆಗೆ. ‘ಲೆಕ್ಕ ಬರೆಯುವ ಜವಾಬ್ದಾರಿ ಇತ್ತು’ ಎಂದರೆ ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಅದೇ ಸಾಲು ಬರುತ್ತದೆ. ನೀವು ಕೂತದ್ದರಿಂದ ಆದದ್ದನ್ನು ಬರೆಯಿರಿ.

ಇಂಥದ್ದು ನಿಮ್ಮೆಲ್ಲರ ಹತ್ತಿರವೂ ಇದೆ. ಮನೆಯಲ್ಲಿ ರೇಷ್ಮೆ ಸಾಕಿದವರು 100 ಮೊಟ್ಟೆಗೆ ಎಷ್ಟು ಕೆಜಿ ಗೂಡು ತೆಗೆದಿರಿ, ರೋಗ ಬಂದಾಗ ಏನು ಬದಲಿಸಿದಿರಿ ಎಂದು ಬರೆಯಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ರಾತ್ರಿ ಲೋಡು ಎಣಿಸಿ ಲಾರಿ ಕಳಿಸಿದ ಹುಡುಗನಿಗೆ ಗೋದಾಮಿನ ಕೆಲಸ ಹೊಸದಲ್ಲ. ಐಟಿಐ ಮುಗಿಸಿ ಊರಿನ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡಿದವನು ಎಷ್ಟು ಮೋಟಾರು, ಎಷ್ಟು ಎಚ್‌ಪಿ ಎಂದು ಬರೆದರೆ ಮೆಂಟೆನೆನ್ಸ್ ಸೂಪರ್‌ವೈಸರ್ ಆ ಹಾಳೆಯನ್ನು ಪಕ್ಕಕ್ಕಿಡುವುದಿಲ್ಲ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದ ಅಕ್ಕಂದಿರು, ಆಲೆಮನೆಯಲ್ಲಿ ಕಬ್ಬಿನ ತೂಕ, ಬೆಲ್ಲದ ಇಳುವರಿ ಬರೆದಿಟ್ಟ ಅಣ್ಣಂದಿರು, ನೀವೆಲ್ಲ ಅನುಭವ ಎಂಬಲ್ಲಿ ‘ಇಲ್ಲ’ ಎಂದು ಬರೆಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯಿರಿ. ಕುರಿ ಕಾಯುತ್ತಿದ್ದ ಮುದುಕ. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲವೆಂದು ಕಟ್ಟೆಗಳನ್ನು ತೋಡಿದರು. 2020ರ ಜೂನ್ 28ರಂದು ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಅವರ ವಿಷಯ ಹೇಳಿದಾಗ ದೇಶದ ಕಿವಿ ನೆಟ್ಟಗಾದದ್ದು, ಒಬ್ಬ ಕುರಿಗಾಹಿ 16 ಕೆರೆ ತೋಡಿದ ಎಂಬ ಮಾತಿಗೆ. ಶ್ರಮಜೀವಿ, ಪರಿಸರಪ್ರೇಮಿ ಎಂದಷ್ಟೇ ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. 2022ರಲ್ಲಿ ಅವರು ತೀರಿಕೊಂಡರು. ಇವತ್ತಿಗೂ ಅವರನ್ನು ಗುರುತಿಸುವುದು ತೋಡಿದ ಕಟ್ಟೆಗಳಿಂದಲೇ.

ಖಾಲಿ ವರ್ಷಗಳ ಬಗ್ಗೆ ನಿಮ್ಮಲ್ಲಿ ಎಷ್ಟೋ ಮಂದಿಗೆ ಅಂಜಿಕೆ ಇದೆ. ಸರ್ಕಾರಿ ಕೆಲಸಕ್ಕೆ ಓದುತ್ತ ಕೂತ ವರ್ಷಗಳವು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರು ಅಷ್ಟು ಕಾಲ ಕಾದದ್ದು ಅವರ ತಪ್ಪೇ? ಅದನ್ನು ಮುಚ್ಚಿಡಲು ಇಲ್ಲದ ಕಂಪನಿಯ ಹೆಸರು ಬರೆಯಬೇಡಿ. ಯಾವ ಪರೀಕ್ಷೆಗೆ ಓದಿದಿರಿ, ಯಾವ ಹಂತ ದಾಟಿದಿರಿ, ಆ ಹೊತ್ತಿನಲ್ಲಿ ಯಾರಿಗಾದರೂ ಪಾಠ ಹೇಳಿದಿರಾ, ಅಷ್ಟನ್ನು ಒಂದೆರಡು ಸಾಲಿನಲ್ಲಿ ನೇರವಾಗಿ ಬರೆಯಿರಿ.

ಅಂಕಿ ಬರೆಯಿರಿ ಎಂದರೆ ಅಂಕಿ ಹೆಚ್ಚಿಸಿ ಎಂದಲ್ಲ. 40ನ್ನು 400 ಮಾಡಿದವನು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಅವನ ಊರಿನಿಂದ ಮುಂದೆ ಬರುವವನನ್ನೂ ಆಮೇಲೆ ಅನುಮಾನದಿಂದ ನೋಡುತ್ತಾರೆ. ಸರಿಯಾಗಿ ಗೊತ್ತಿಲ್ಲದಿದ್ದರೆ ‘ಸುಮಾರು’ ಎಂದು ಸೇರಿಸಿ.

ಬರೆಯುವಾಗ ಮೊದಲು ಕನ್ನಡದಲ್ಲಿ ಬರೆಯಿರಿ. ಮನೆಗೆ ಬಂದ ಸೋದರಮಾವನಿಗೆ ಹೇಳುವ ಹಾಗೆ. ವಿವರವೆಲ್ಲ ಆಗ ತಾನಾಗಿ ಬರುತ್ತದೆ. ಆಮೇಲೆ ಇಂಗ್ಲಿಷಿಗೆ ತನ್ನಿ, ತಪ್ಪಿದ್ದರೆ ಗೊತ್ತಿರುವವರ ಹತ್ತಿರ ತಿದ್ದಿಸಿ. ಹೊಸದಾಗಿ ಓದು ಮುಗಿಸಿದವರಿಗೆ ಒಂದು ಪುಟ ಸಾಕು. ದೊಡ್ಡ ಕಂಪನಿಗಳಲ್ಲಿ ಮೊದಲು ಸಾಫ್ಟ್‌ವೇರ್ ಓದಿ ಜಾಲಿಸುವುದೂ ಉಂಟು. ಬಣ್ಣದ ಅಂಚು, ಚೌಕದೊಳಗಿನ ಚೌಕ ಅದಕ್ಕೆ ತೊಡಕು. ಜಾಹೀರಾತಿನಲ್ಲಿ ಕೇಳಿದ ಕೌಶಲ ನಿಮಗೆ ನಿಜವಾಗಿ ಬರುತ್ತಿದ್ದರೆ ಅದೇ ಹೆಸರಿನಲ್ಲಿ ಬರೆಯಿರಿ.

ತೂಬಿನಕೆರೆ, ಸೋಮನಹಳ್ಳಿ, ಬಿಡದಿಯಲ್ಲಿ ಸಂದರ್ಶನಕ್ಕೆ ಕೂರುವ ಹಿರಿಯರಲ್ಲೂ ಒಂದು ವಿನಂತಿ. ‘ನಿಮ್ಮ ಬಗ್ಗೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆಮೇಲೆ ಕನ್ನಡದಲ್ಲಿ ‘ಊರಲ್ಲಿ ಏನೇನು ಮಾಡ್ತಿದ್ರಪ್ಪ?’ ಎಂದು ಇನ್ನೊಮ್ಮೆ ಕೇಳಿ. ನಿಮಗೆ ಬೇಕಾದ ಮನುಷ್ಯ ಆ ಎರಡನೇ ಉತ್ತರದಲ್ಲಿ ಸಿಗಬಹುದು.

ಮಕ್ಕಳೇ, ಡೇರಿಯೋ ಮಂಡಿಯೋ ವರ್ಕ್‌ಶಾಪೋ, ನೀವು ದುಡಿದ ಜಾಗದಿಂದ ಎಷ್ಟು ದಿನ, ಏನು ಕೆಲಸ ಮಾಡಿದಿರಿ ಎಂದು ಸಹಿ, ಸೀಲು ಹಾಕಿಸಿ ಒಂದು ಪತ್ರ ತೆಗೆದುಕೊಳ್ಳಿ. ಈ ವಾರವೇ ಹೋಗಿ ಕೇಳಿ. ಕಾರ್ಯದರ್ಶಿ ಬದಲಾದರೆ ಹಳೆಯ ರಿಜಿಸ್ಟರು ಹುಡುಕಿಸುವುದು ಕಷ್ಟ.

ಇಂತಿ ನಿಮ್ಮ ಶ್ರೇಯಸ್ಸು ಬಯಸುವ,
ಮಂಡ್ಯದ ನಿವೃತ್ತ ಮೇಷ್ಟ್ರು