ಪ್ರೇತಪತ್ರ ಮೀಮಾಂಸೆ

ಪ್ರಾಚೀನ ಈಜಿಪ್ಟಿನ ಮೃತರನ್ನು ರಾಜವಂಶದ ಪ್ರಕಾರ ವಿಂಗಡಿಸುವುದು ವಿದ್ವಾಂಸರ ವಾಡಿಕೆ. ಅದು ಅಶಾಸ್ತ್ರೀಯ. ಯಾರ ಬಳಿ ಯಾವ ಕಾಗದಪತ್ರವಿತ್ತು ಎಂಬುದೊಂದೇ ನಂಬಬಹುದಾದ ಲಕ್ಷಣ.

ಪ್ರಥಮ ವರ್ಗ, ಭಿತ್ತಿಲೇಖಿಗಳು. ಸಕ್ಕಾರಾದಲ್ಲಿ ಉನಾಸ್ ದೊರೆಯ ಪಿರಮಿಡ್ಡಿನ ಒಳಗೋಡೆಗೆ ಕ್ರಿ.ಪೂ. 2350ರ ಸುಮಾರಿಗೆ ಮಂತ್ರಗಳನ್ನು ಕೊರೆದರು. ಒಂದರಲ್ಲಿ ಸತ್ತ ದೊರೆ ದೇವತೆಗಳನ್ನೇ ಬೇಯಿಸಿ ಉಣ್ಣುತ್ತಾನೆ. ಇಂಥವನಿಗೆ ಯಾರ ಶಿಫಾರಸೂ ಬೇಕಿಲ್ಲ.

ದ್ವಿತೀಯ ವರ್ಗ, ಪೆಟ್ಟಿಗೆಲೇಖಿಗಳು, ಹೆಚ್ಚಾಗಿ ಅಧಿಕಾರಿಗಳು. ದೈರ್ ಅಲ್-ಬರ್ಷಾದ ಕೆಲವು ಶವಪೆಟ್ಟಿಗೆಗಳ ತಳದಲ್ಲಿ ಪರಲೋಕದ ನಕ್ಷೆಯೇ ಇದೆ: ಒಂದು ಜಲಮಾರ್ಗ, ಒಂದು ನೆಲಮಾರ್ಗ. ಮೈಯಡಿ ಬಿದ್ದ ನಕ್ಷೆಯನ್ನು ಹೆಣ ಓದುವುದೆಂತು ಎಂಬುದು ಪೂರ್ವಪಕ್ಷ. ಸಿದ್ಧಾಂತ ಇನ್ನೂ ಬಂದಿಲ್ಲ.

ತೃತೀಯ ವರ್ಗ, ಸುರುಳಿಧಾರಿಗಳು. ಶಾಸ್ತ್ರಕ್ಕೆ ರಸವಿರುವುದು ಇಲ್ಲೇ. ಅವರ ಪಪೈರಸ್ ಸುರುಳಿಗಳಿಗೆ ಜರ್ಮನ್ ಪಂಡಿತ ಲೆಪ್ಸಿಯಸ್ 1842ರಲ್ಲಿ ‘ಮೃತರ ಪುಸ್ತಕ’ ಎಂದು ಹೆಸರಿಟ್ಟ. ಲಿಪಿಕಾರರು ಹಲವನ್ನು ಮೊದಲೇ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು ಮಾರುತ್ತಿದ್ದರು. ಕೊಂಡವನ ಹೆಸರು ತುಂಬಲು ಕೆಲವೆಡೆ ಮರೆತೂಬಿಟ್ಟರು. ಆ ಪುಣ್ಯಾತ್ಮರು ಅನಾಮಧೇಯ ಉಪವರ್ಗಕ್ಕೆ ಸೇರತಕ್ಕದ್ದು.

125ನೆಯ ಅಧ್ಯಾಯ ಪ್ರಮಾಣಪತ್ರ. 42 ನ್ಯಾಯದೇವತೆಗಳ ಮುಂದೆ ನಿಂತು ಕದ್ದಿಲ್ಲ, ಕೊಂದಿಲ್ಲ, ಕದ್ದು ಕೇಳಿಲ್ಲ ಎಂದು ಒಂದೊಂದಾಗಿ ಒಪ್ಪಿಸಬೇಕು. ಹರಿಯುವ ನೀರಿಗೆ ಅಡ್ಡಕಟ್ಟೆ ಹಾಕಿಲ್ಲ ಎಂಬುದೂ ಅದೇ ಅಧ್ಯಾಯದಲ್ಲಿದೆ. ನಾಲೆಯ ಕೊನೆಯಂಚಿನ ನಮ್ಮ ರೈತರಿಗೆ ಅದಕ್ಕೆ ಭಾಷ್ಯ ಬೇಡ. ಆದರೆ ಅಲ್ಲೇ ತಕ್ಕಡಿಯಲ್ಲಿ ಹೃದಯವನ್ನೂ ತೂಗುತ್ತಾರೆ, ಅದು ಬಾಯಿ ಬಿಟ್ಟರೆ ಕೆಲಸ ಕೆಟ್ಟಿತು. ಆದ್ದರಿಂದ ‘ನನ್ನ ವಿರುದ್ಧ ಸಾಕ್ಷಿ ಹೇಳಬೇಡ’ ಎಂದು ಹೃದಯವನ್ನೇ ಬೇಡುವ ಮಂತ್ರವನ್ನು ಕಲ್ಲಿನ ಜೀರುಂಡೆಯ ಹೊಟ್ಟೆಗೆ ಕೆತ್ತಿ ಎದೆಯ ಮೇಲಿಟ್ಟರು. ಧರ್ಮಶಾಸ್ತ್ರ ಮುಗಿದು ವಕೀಲಿಕೆ ಶುರುವಾಗುವುದು ಇಲ್ಲಿಂದಲೇ ಎಂಬುದು ಈ ಮೀಮಾಂಸಕನ ಮತ.

ಪಾಸಾದವನಿಗೂ ಬಿಡುವಿಲ್ಲ, ಪರಲೋಕದಲ್ಲಿ ಬಿಟ್ಟಿ ಬೇಸಾಯವಿದೆ. ಅದಕ್ಕೆ ಬದಲಿ ಆಳುಗಳಾಗಿ ಶಬ್ತಿ ಬೊಂಬೆಗಳು: ದಿನಕ್ಕೊಂದರಂತೆ 365, ಅವನ್ನು ದುಡಿಸಲು ಮೇಸ್ತ್ರಿಗಳು 36. ಬೊಂಬೆ ಮಾಡಿದವನು ಬೆಳ್ಳಿ ಪೂರ್ತಿ ಸಂದಾಯವಾಗಿದೆ ಎಂದು ಬರೆದುಕೊಟ್ಟ ರಸೀದಿಯೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇನ್ನು ನೀವು ದುಡಿಯತಕ್ಕದ್ದು ಎಂದು ಅದರಲ್ಲಿ ಬೊಂಬೆಗಳಿಗೇ ತಾಕೀತು. ಅತಿ ಜಾಗ್ರತೆ ಎನ್ನುವಂತಿಲ್ಲ. ಮೂರನೆಯ ರಾಮ್ಸೆಸ್‌ನ ಕಾಲದಲ್ಲಿ, ರಾಜರ ಗೋರಿ ತೋಡುವವರೇ ಕೂಲಿಯ ಧಾನ್ಯ ಬರಲಿಲ್ಲವೆಂದು ಹತ್ಯಾರು ಕೆಳಗಿಟ್ಟು ಧರಣಿ ಕೂತಿದ್ದ ದೇಶ ಅದು.