ಸುಮ್ಮನೆ ಕೇಳಿಸಿಕೊಳ್ಳುವ ಕೆಲಸ

ಇಂಗ್ಲೆಂಡಿನ ಶಾಲೆಯಲ್ಲಿ ಬೇರೆಯವರ ಮಗುವಿನ ಪಕ್ಕ ಕೂತು ಅದು ಓದುವುದನ್ನು ಕೇಳಬೇಕಾದರೂ ಸರ್ಕಾರದ ಕಾಗದ ಬೇಕು. ಈ ಸಂಗತಿ ನಮ್ಮ ಪಕ್ಕದ ಮನೆಯ ಅಮ್ಮನಿಗೆ ಇನ್ನೂ ಜೀರ್ಣವಾಗಿಲ್ಲ. ತೀರ್ಥಹಳ್ಳಿ ಕಡೆಯವರು, ಮಗಳ ಬಾಣಂತನಕ್ಕೆಂದು ಬಂದಿದ್ದಾರೆ. ಬಿಸಿಲು ಬಿದ್ದ ದಿನ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದರೆ ಬೇಲಿಯ ಮೇಲೆ ಅವರ ತಲೆ ಕಾಣುತ್ತದೆ. ಮಾತು ಅದಕ್ಕೂ ಮೊದಲೇ ಕೇಳಿಸಿರುತ್ತದೆ.

“ಎಂತ ಮಾರಾಯ್ತಿ, ಸಂಬಳ ಇಲ್ಲ ಅಂತಿ, ಪಾಠ ಮಾಡೋದೂ ಇಲ್ಲ ಅಂತಿ. ಮತ್ತೆ ನಿನ್ನ ಮೇಲೆ ಪೊಲೀಸ್ ವಿಚಾರಣೆ ಎಂತಕ್ಕೆ?”

“ವಿಚಾರಣೆ ಅಲ್ಲಮ್ಮ, ಡಿಬಿಎಸ್ ಅಂತ, ಹಳೆಯ ಅಪರಾಧ ಏನಾದರೂ ಇದೆಯಾ ಅನ್ನುವ ತಪಾಸಣೆ” ಎಂದೆ. ಐದು ವರ್ಷದ ವಿಳಾಸ, ಮದುವೆಗೆ ಮುಂಚಿನ ಹೆಸರು ಎಲ್ಲ ಬರೆದುಕೊಡಬೇಕು. ಸ್ವಯಂಸೇವಕರಿಂದ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅವರ ಮುಖ ಸಡಿಲವಾಗದ್ದು ನೋಡಿ ಸೋಹಮ್ ಊರಿನ ಕಥೆ ಹೇಳಿದೆ. 2002ರಲ್ಲಿ ಅಲ್ಲಿ ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲೆ ಹಿಂದೆ ಬೇರೆ ಕಡೆ ದೂರುಗಳಿದ್ದವು, ಆದರೆ ಅಲ್ಲಿಯ ಪೊಲೀಸರಿಗೆ ಗೊತ್ತಿದ್ದದ್ದು ಇಲ್ಲಿ ಕೆಲಸ ಕೊಟ್ಟವರಿಗೆ ತಲುಪಲೇ ಇಲ್ಲ. 2004ರಲ್ಲಿ ಈ ಲೋಪದ ತನಿಖೆಯ ಬಿಚಾರ್ಡ್ ವರದಿ, ಅದರ ಬೆನ್ನಿಗೆ 2006ರಲ್ಲಿ ಕಾಯ್ದೆ, 2012ರಲ್ಲಿ ಈ ತಪಾಸಣೆ ನಡೆಸುವ ಡಿಬಿಎಸ್.

ಅಮ್ಮ ಕ್ಲಿಪ್ಪು ಸಿಕ್ಕಿಸುತ್ತ “ಪಾಪ” ಎಂದರು.

ಊರ ಮಕ್ಕಳೆಲ್ಲ ನಮ್ಮ ಮಕ್ಕಳೇ ಅನ್ನುವುದು ನನಗೂ ಇಷ್ಟದ ಮಾತು. ಆದರೆ ಹಾಗೆ ಹೇಳಿಕೊಂಡು ಒಳಗೆ ಬಂದವರೆಲ್ಲ ಒಳ್ಳೆಯವರೇ ಆಗಿರಬೇಕಲ್ಲ! ಕಾಗದ ಇರಲಿ. ತಾಳ್ಮೆಗೆ ಮಾತ್ರ ಯಾವ ಇಲಾಖೆಯೂ ಸರ್ಟಿಫಿಕೇಟ್ ಕೊಡುವುದಿಲ್ಲ, ಕೆಲಸಕ್ಕೆ ಬೇಕಾದದ್ದು ಅದೇ.

ಮಕ್ಕಳ ಕುರ್ಚಿಯಲ್ಲಿ ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಬಾಗಿಲು ತೆರೆದೇ ಇರಬೇಕು, ಫೋನು ಆಫೀಸಿನಲ್ಲಿ. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಸಾಲಿನ ಕೆಳಗೆ ಬೆರಳಿಟ್ಟು “ಶ್... ಇ... ಪ್” ಅನ್ನುತ್ತಾನೆ. ಆ ಶಕಾರ ಹಲ್ಲಿನ ಸಂದಿಯಿಂದ ಸೀಟಿಯಾಗಿ ಹೊರಬರುತ್ತದೆ. ಮೂರನ್ನೂ ಕೂಡಿಸಿ “ಶಿಪ್” ಅನ್ನುವ ಹೊತ್ತಿಗೆ ನಮ್ಮ ನಾಲಿಗೆ ತುರಿಸಿ ತುರಿಸಿ ಸಾಕಾಗಿರುತ್ತದೆ. ತಪ್ಪು ಕಂಡರೆ ತಿದ್ದದೆ ಬಿಡದ ಜನ ನಾವು; ಮದುವೆಮನೆಯಲ್ಲಿ ಅಡುಗೆಯವರ ಸೌಟನ್ನೇ ಕಿತ್ತುಕೊಳ್ಳುವವರು. ಇಲ್ಲಿ ತುಟಿ ಬಿಗಿಹಿಡಿದು ಕಾಯಬೇಕು. ಕೊನೆಗೆ ಅವನ ರೀಡಿಂಗ್ ರೆಕಾರ್ಡ್ ಪುಸ್ತಕದಲ್ಲಿ ಪುಟದ ಸಂಖ್ಯೆ ಬರೆದು, ಚೆನ್ನಾಗಿ ಓದಿದ ಎಂದು ಒಂದು ಸಾಲು.

ಪಾಪ, ಮಕ್ಕಳ ಕಷ್ಟವೂ ಸಣ್ಣದಲ್ಲ. ಅಕ್ಷರಕ್ಕೊಂದು ಸದ್ದು ಕಲಿಸಿ, ಮರುದಿನವೇ ‘ಸೆಡ್’, ‘ವಾಸ್’ ಅಂಥ ಪದ ಮುಂದಿಟ್ಟು, ಇದಕ್ಕೆ ಆ ಲೆಕ್ಕ ನಡೆಯುವುದಿಲ್ಲ ಅನ್ನುತ್ತಾರೆ. ಒಂದನೇ ಇಯರ್‌ನ ಮಕ್ಕಳಿಗೆ ಜೂನ್‌ನಲ್ಲಿ ಫೋನಿಕ್ಸ್ ಪರೀಕ್ಷೆ. ಓದಬೇಕಾದದ್ದು ನಲವತ್ತು ಪದ. ಅದರಲ್ಲಿ ಇಪ್ಪತ್ತಕ್ಕೆ ಅರ್ಥವೇ ಇಲ್ಲ! ಮಗು ಪದ ಬಾಯಿಪಾಠ ಮಾಡಿದೆಯೋ, ನಿಜಕ್ಕೂ ಸದ್ದು ಕೂಡಿಸುತ್ತಿದೆಯೋ ತಿಳಿಯಲಿ ಅಂತ ಕಟ್ಟಿದ ಸುಳ್ಳುಪದಗಳು. ಪಕ್ಕದಲ್ಲೊಂದು ವಿಚಿತ್ರ ಪ್ರಾಣಿಯ ಚಿತ್ರ, ಇದು ಆ ಪ್ರಾಣಿಯ ಹೆಸರು ಅಂತ. ಚುರುಕಾಗಿ ಓದುವ ಮಕ್ಕಳೇ ಇಲ್ಲಿ ಎಡವುವುದುಂಟು. ಕಂಡ ಪದವನ್ನು ಗೊತ್ತಿರುವ ಪದವಾಗಿ ತಿದ್ದಿ ಓದಿಬಿಡುತ್ತಾರೆ. ಅರ್ಥ ಹುಡುಕುವ ಮಗುವಿಗೆ ಅಂಕ ಹೋಗುವುದು ನನಗೇನೋ ಸರಿಕಾಣುವುದಿಲ್ಲ.

“ಅರ್ಥ ಇಲ್ಲದ್ದನ್ನು ಓದಿಸಿ ಪರೀಕ್ಷೆಯಾ?” ಅಮ್ಮ ನಕ್ಕು ಬೇಲಿಗೆ ಒರಗಿದರು. “ನಮ್ಮ ಕಾಗುಣಿತ ಬಂದರೆ ಮುಗೀತು ನೋಡು, ಕಂಡದ್ದೆಲ್ಲ ಓದಬಹುದು.”

ಒತ್ತಕ್ಷರ, ಮಹಾಪ್ರಾಣ ಬಂದಾಗ ನಮ್ಮ ಮಕ್ಕಳು ಅಳುವುದನ್ನು ನೆನಪಿಸಿದೆ. ಕೇಳಿಸದವರಂತೆ ಡಬ್ಬಿಯೊಂದನ್ನು ಬೇಲಿಯ ಮೇಲಿಂದ ಚಾಚಿದರು. ಶೇಂಗಾ ಉಂಡೆ. “ಆ ಹಲ್ಲು ಬಿದ್ದ ಹುಡುಗನಿಗೆ ಕೊಡು.”

“ಶಾಲೆಗೆ ಶೇಂಗಾ ತರುವ ಹಾಗಿಲ್ಲಮ್ಮ, ಅಲರ್ಜಿ ಭಯ.”

“ನಿನಗೂ ಅಲರ್ಜಿಯಾ?”

ಇಲ್ಲ ಅಂದು ಡಬ್ಬಿ ಒಳಗಿಟ್ಟುಕೊಂಡೆ. ಅಷ್ಟರಲ್ಲಿ ಅವರಿಗೊಂದು ಆಸೆ ಹುಟ್ಟಿತು: “ನಾನೂ ಬರ್ಲಾ ನಿನ್ನ ಜೊತೆ?” ಪ್ರವಾಸಿ ವೀಸಾದವರು ಒಟ್ಟು ಮೂವತ್ತು ದಿನಕ್ಕಿಂತ ಹೆಚ್ಚು ಸ್ವಯಂಸೇವೆ ಮಾಡುವ ಹಾಗಿಲ್ಲ, ಅದೂ ನೋಂದಾಯಿತ ದತ್ತಿಸಂಸ್ಥೆಗೆ ಮಾತ್ರ ಎಂದು ವಿವರಿಸಿದೆ.

“ಮೂವತ್ತು ದಿನ ಸಾಕು” ಅಂದರು ಅಮ್ಮ. “ಅಷ್ಟರಲ್ಲಿ ಕಾಗುಣಿತ ಮುಗಿಸಿಬಿಡ್ತೇನೆ.”