ಭಾವನಿಗೆ ಕೊಟ್ಟ ಪುಸ್ತಕ
ಹೊಸ ಪುಸ್ತಕ ಕೊಳ್ಳುವುದು ಚಟ, ಹಳೆಯದನ್ನು ಮತ್ತೆ ಓದುವುದು ಸುಖ. ಕಪಾಟು ಒರೆಸುವವರಿಗೆ ಮಾತ್ರ ಎರಡೂ ಒಂದೇ ಧೂಳು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ದಪ್ಪ ನೋಡಿಯೇ ಹಿಂದೆ ಸರಿಯುವವರುಂಟು. ಅಲ್ಲಿ ಗುತ್ತಿಯ ನಾಯಿ ಹುಲಿಯನಿಗೂ ಒಂದು ಬಾಳಿದೆ; ಈಚಿನ ಕೆಲವು ಕಾದಂಬರಿಗಳಲ್ಲಿ ನಾಯಕನಿಗೇ ಇಲ್ಲ! ಹಾಗಂತ ಹೊಸದೆಲ್ಲ ಜೊಳ್ಳು ಅನ್ನಲಾದೀತೇ? ವಿವೇಕ ಶಾನಭಾಗರ ಪುಟ್ಟ ‘ಘಾಚರ್ ಘೋಚರ್’ ಇರುವೆಗಳ ಸಮೇತ ಒಂದಿಡೀ ಕುಟುಂಬದ ಬಣ್ಣ ಬಯಲು ಮಾಡುತ್ತದೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನನಗೊಂದು ‘ಕರ್ವಾಲೊ’ ಸಿಕ್ಕಿತು. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಪ್ರೀತಿಯ ಭಾವನಿಗೆ’. ಒಳಗೆ ಒಂದು ಹಾಳೆಯೂ ಮಡಿಚಿಲ್ಲ, ಬೆರಳಿನ ಕಲೆಯಿಲ್ಲ. ಭಾವ ಓದಿಲ್ಲ, ನೇರ ಮಾರಿದ್ದಾನೆ. ಆ ಕಾದಂಬರಿಯ ಹಾರುವ ಓತಿಯ ಗತಿ ಏನಾಯಿತೆಂದು ಪುಣ್ಯಾತ್ಮನಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.